ನೋಲೀನ್ ಕಲಿಸಿದ ಆಟ

ನಮ್ಮ ಬೀದಿಯಲ್ಲಿ ನೋಲೀನ್ ಹ್ಯಾಗರ್ಟಿಯಷ್ಟು ಗಟ್ಟಿ ಹೆಂಗಸು ಇನ್ನೊಬ್ಬಳಿರಲಿಲ್ಲ. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ಬೀದಿಯ ಮೂಲೆಯ ಅಂಗಡಿ ನನ್ನದು. ಹಾಲಿಗೆ, ಬ್ರೆಡ್ಡಿಗೆ, ಬೆಳಗಿನ ಪತ್ರಿಕೆಗೆ ಬರುವವರೆಲ್ಲ ನನ್ನ ಕೌಂಟರಿನ ಮುಂದೆ ನಿಂತು ತಮ್ಮ ಗಟ್ಟಿತನ, ಪುಕ್ಕಲುತನ ಎರಡನ್ನೂ ತೋರಿಸಿಯೇ ಹೋಗುತ್ತಾರೆ. ಕ್ರೈಸ್ಟ್‌ಚರ್ಚ್ ನಗರದ ಪೂರ್ವದ ಅಂಚಿನಲ್ಲಿ, ನದಿ ಸಮುದ್ರಕ್ಕೆ ಸೇರುವ ಕಡೆ ಇರುವವರು ನಾವು. ಪಶ್ಚಿಮದ ಬಡಾವಣೆಗಳವರು ನಮ್ಮನ್ನು ಎಂದೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಭೂಮಿ ಮಾತ್ರ ತೆಗೆದುಕೊಂಡಿತು.

ನೋಲೀನ್ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಗಿಡ್ಡ ಆಳು, ದೊಡ್ಡ ಗಂಟಲು. ಅವಳು ಬ್ರೇಕು ಒತ್ತಿದರೆ ಹಿಂದಿನ ಸೀಟಿನ ಮಕ್ಕಳು ಮುಂದಿನ ಸೀಟಿಗೆ ಬಂದು ಬೀಳುತ್ತಿದ್ದರು. ದೂರು ಹೇಳಿದವರಿಗೆ, "ನಿಧಾನ ಅನ್ನೋದು ನನ್ನ ಕಾಲಿಗೆ ಗೊತ್ತಿಲ್ಲ ಕಣ್ರೀ, ತಲೆಗೆ ಬೇಕಾದ್ರೆ ಹೇಳಿ ನೋಡಿ" ಎನ್ನುತ್ತಿದ್ದಳು. ಬಸ್ಸೇ ಏಕೆ, ಅವಳು ಬದುಕಿದ್ದೇ ಹಾಗೆ. ಸಿಗರೇಟು ಬಿಟ್ಟಾಗ ಒಂದೇ ಮಧ್ಯಾಹ್ನ ಬಿಟ್ಟಳು. ಗಂಡ ತೀರಿಕೊಂಡ ವಾರವೇ ಅವನ ಬಟ್ಟೆಬರೆಯೆಲ್ಲ ಕಟ್ಟಿ, ಹಳೆಯ ಬಟ್ಟೆ ಮಾರುವ ಚರ್ಚಿನ ಅಂಗಡಿಗೆ ಕೊಟ್ಟು, ಆಮೇಲೆ ಒಂದು ಅಂಗಿಗಾಗಿ ಹುಡುಕಿಕೊಂಡು ಹೋಗಿ ಸಿಗದೆ ಬಂದು ನನ್ನ ಅಂಗಡಿಯಲ್ಲಿ ಅತ್ತಿದ್ದಳು.

ಅವಳು ಹುಟ್ಟಿದ್ದು ಪಶ್ಚಿಮ ಕರಾವಳಿಯ ಕಲ್ಲಿದ್ದಲ ಗಣಿಯ ಊರಿನಲ್ಲಿ. ಅಪ್ಪ ಗಣಿಗೆ ಇಳಿಯುತ್ತಿದ್ದ. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿತೆಂದರೆ ಒಳಗೆ ಏನೋ ಕುಸಿದಿದೆ ಎಂದೇ ಅರ್ಥ. ಊರಿನ ಹೆಂಗಸರೆಲ್ಲ ಗಣಿಯ ಬಾಯಿಗೆ ಓಡುತ್ತಿದ್ದರು. ನೋಲೀನಳ ಅಮ್ಮ ಮಾತ್ರ ಓಡುತ್ತಿರಲಿಲ್ಲ. ಮಕ್ಕಳನ್ನು ಅಡುಗೆಮನೆಯ ಮೇಜಿನ ಸುತ್ತ ಕೂರಿಸಿ, ಒಬ್ಬೊಬ್ಬರ ಕೈಗೂ ಒಂದು ಆಲೂಗಡ್ಡೆ, ಒಂದು ಚಾಕು ಕೊಟ್ಟು, "ಸಿಪ್ಪೆ ತುಂಡಾಗದ ಹಾಗೆ ಯಾರು ಸುಲೀತೀರೋ ಅವರಿಗೆ ಮಿಠಾಯಿ" ಎನ್ನುತ್ತಿದ್ದಳಂತೆ. ಅಪ್ಪ ಇದ್ದಾನೋ ಹೋದನೋ ಎಂದು ಸುದ್ದಿ ಬರುವ ತನಕ ಮಕ್ಕಳ ಪ್ರಾಣವೆಲ್ಲ ಆ ಸಿಪ್ಪೆಯ ಮೇಲೆ. ಹೆದರಿಕೆಯನ್ನು ಆಟ ಮಾಡಿಬಿಟ್ಟರೆ ಅದರ ಹಲ್ಲು ಉದುರುತ್ತದೆ ಎಂದು ನೋಲೀನ್ ಕಲಿತದ್ದು ಆ ಮೇಜಿನ ಮುಂದೆ. ಮುಂದೆ ಆದದ್ದಕ್ಕೆಲ್ಲ ಬೇರು ಅಲ್ಲಿದೆ. ಅದಕ್ಕೇ ಇದನ್ನು ಮೊದಲು ಹೇಳಿದೆ.

ಫೆಬ್ರವರಿಯ ಆ ಮಧ್ಯಾಹ್ನ ಭೂಮಿ ನಡುಗಿದಾಗ ನೋಲೀನಳ ಮೊಮ್ಮಗಳು ಬ್ರೈಡಿ ಅಜ್ಜಿಯ ಮನೆಯ ಸೋಫಾದ ಮೇಲೆ ಮಲಗಿದ್ದಳು. ಮೂರು ವರ್ಷದ ಕೂಸು. ಪಕ್ಕದ ಕೋಣೆಗೆ ಹೊಗೆಗೂಡು ಮುರಿದು ಬಿತ್ತು. ಧೂಳಿನಲ್ಲಿ ಮಗುವಿನ ಮುಖ ಹಿಟ್ಟು ಬಳಿದಂತೆ ಬೆಳ್ಳಗಾಗಿತ್ತು. ಮಗು ಅಳಲೇ ಇಲ್ಲ. ಬ್ರೈಡಿಯ ತಾಯಿ, ನೋಲೀನಳ ಮಗಳು ಜನೀನ್ ಊರ ನಡುವಿನ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಬರಿಗಾಲಿನಲ್ಲಿ, ನೆಲದಿಂದ ಉಕ್ಕಿದ ಬೂದುಬಣ್ಣದ ಕೆಸರು ತುಳಿಯುತ್ತ ಸಂಜೆ ಮನೆ ಸೇರಿದಳು. ಆಮೇಲೆ ಅವಳಿಗೆ ಈ ಊರಿನ ನೆಲದ ಮೇಲೆ ಕಾಲೂರಲು ಆಗಲಿಲ್ಲ. ಆಸ್ಟ್ರೇಲಿಯಾಕ್ಕೆ ಹೋಗಿ ಸ್ವಲ್ಪ ದಿನ ಇದ್ದು, ನಡುಕ ನಿಂತ ಮೇಲೆ ಬರುತ್ತೇನೆಂದಳು. ನಡುಕ ನಿಲ್ಲಲಿಲ್ಲ. ಅವಳೂ ಬರಲಿಲ್ಲ. ಅಲ್ಲೇ ಹೋಟೆಲಿನ ಕೆಲಸ, ಹೊಸ ಗಂಡ, ಹೊಸ ಮಕ್ಕಳು. ಬ್ರೈಡಿ ನ್ಯಾನಾಳ ಪಾಲಿಗೆ ಉಳಿದಳು. ನಮ್ಮಲ್ಲಿ ಅಜ್ಜಿಯನ್ನು ಮಕ್ಕಳು ಕರೆಯುವುದು ಹಾಗೆ.

ಜನೀನಳನ್ನು ಬೈದವರಿದ್ದಾರೆ. ನಾನೂ ಬೈದಿದ್ದೇನೆ. ನೋಲೀನ್ ಮಾತ್ರ ಬೈಯಲಿಲ್ಲ. "ಈ ಮಗು ನನ್ನ ಹತ್ರ ಇರುತ್ತೆ. ಇಷ್ಟು ಸಾಕು ನನಗೆ, ಇಷ್ಟಾದ್ರೂ ಇರ್ಲಿ" ಎಂದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ದೊಡ್ಡ ಕಂಪನದ ಹಿಂದೆ ಸಣ್ಣವು ಬಂದವು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಂದವು. ಊಟಕ್ಕೆ ಕೂತಾಗ, ಸ್ನಾನಕ್ಕೆ ನಿಂತಾಗ, ಸತ್ತವರನ್ನು ಮಣ್ಣು ಮಾಡುವಾಗ. ಮನುಷ್ಯ ಎಷ್ಟೂಂತ ಹೆದರಿಯಾನು? ನಮ್ಮ ಊರಿನವರು ಕಂಪನದ ತೀವ್ರತೆ ಎಷ್ಟೆಂದು ಪಂದ್ಯ ಕಟ್ಟಲು ಶುರುಮಾಡಿದರು. ನೆಲ ಅಲುಗಿದ ಕೂಡಲೇ "ನಾಲ್ಕು ಪಾಯಿಂಟ್ ಒಂದು!" ಎಂದು ಒಬ್ಬ, "ಇಲ್ಲ, ಮೂರೂವರೆ, ಹತ್ತಿರದ್ದು ಅಷ್ಟೇ!" ಎಂದು ಇನ್ನೊಬ್ಬ. ಸ್ವಲ್ಪ ಹೊತ್ತಿಗೆ ನಿಜವಾದ ಅಂಕಿ ಫೋನಿನಲ್ಲಿ ಬರುತ್ತಿತ್ತು. ಗೆದ್ದವನು ಬೀಗುತ್ತಿದ್ದ. ನನ್ನ ಅಂಗಡಿಯಲ್ಲಿ ಇದು ದಿನವೂ ನಡೆಯುತ್ತಿತ್ತು.

ನೋಲೀನ್ ಇದನ್ನು ಮನೆಗೆ ಒಯ್ದಳು. ಮೊದಲು ಕೇಳಿಸಿಕೊಂಡು ಅಂಕಿ ಸರಿಯಾಗಿ ಹೇಳಿದವರಿಗೆ ಒಂದು ಚಾಕೊಲೇಟ್ ಮೀನು, ಮೀನಿನ ಆಕಾರದ ಮಿಠಾಯಿ. ನಮ್ಮ ದೇಶದಲ್ಲಿ ಮಕ್ಕಳು ಏನು ಗೆದ್ದರೂ ಸಿಗುವುದು ಅದೇ. ನನ್ನ ಕೌಂಟರಿನ ಮೇಲೆ ಒಂದು ಡಬ್ಬಿಯ ತುಂಬ ಇರುತ್ತಿತ್ತು. ಮೊದಮೊದಲು ನೋಲೀನ್ ಬೇಕೆಂದೇ ಸೋಲುತ್ತಿದ್ದಳು. ಬರಬರುತ್ತ ಗೆಲ್ಲಬೇಕೆಂದರೂ ಆಗಲಿಲ್ಲ. ನಾಲ್ಕು ವರ್ಷದ ಬ್ರೈಡಿ ಅಡುಗೆಮನೆಯ ಹಲಗೆಯ ನೆಲಕ್ಕೆ ಕಿವಿಯಿಟ್ಟು ಮಲಗಿ, ನಮಗೆ ಯಾರಿಗೂ ತಿಳಿಯುವ ಮುಂಚೆ "ಬಂತು" ಎನ್ನುತ್ತಿದ್ದಳು. ಆಮೇಲೆ ಲೋಟಗಳು ಗಲಗಲ ಎನ್ನುತ್ತಿದ್ದವು. "ಮೂರು ಪಾಯಿಂಟ್ ಒಂಬತ್ತು" ಎನ್ನುತ್ತಿದ್ದಳು. ಫೋನು ಹೌದೆನ್ನುತ್ತಿತ್ತು.

ಬೀದಿಯವರೆಲ್ಲ ನೋಡಲು ಹೋಗುತ್ತಿದ್ದೆವು. ಕೊಳಾಯಿ ರಿಪೇರಿಯ ಮರ್ವ್ ಅಂತೂ, "ಸರ್ಕಾರದೋರು ಆ ಮಿಷನ್ನೆಲ್ಲ ಗುಜರಿಗೆ ಹಾಕಿ ಈ ಮಗೂಗೆ ಸಂಬಳ ಕೊಡ್ಬೇಕು ಕಣ್ರಯ್ಯ" ಎಂದು ಕುಣಿದಾಡಿದ. ನೋಲೀನಳ ಮುಖ ಹೆಮ್ಮೆಯಿಂದ ಊದಿಕೊಂಡಿತ್ತು. "ನೋಡು ಗ್ಲೆನಿಸ್, ಇವಳಮ್ಮ ಹೆದರಿ ದೇಶ ಬಿಟ್ಟು ಓಡಿದ್ಲು. ಇವಳು ನೆಲಕ್ಕೇ ಕಿವಿ ಕೊಟ್ಟು ನಗ್ತಾಳೆ" ಎಂದು ನನಗೆ ಹೇಳಿದಳು. ಬ್ರೈಡಿ ನಗುತ್ತಿರಲಿಲ್ಲ ಎಂಬುದನ್ನು ನಾವ್ಯಾರೂ ಗಮನಿಸಲಿಲ್ಲ. ಅವಳು ಮೀನನ್ನು ತಿನ್ನುತ್ತಲೂ ಇರಲಿಲ್ಲ. ಕೈಯಲ್ಲಿ ಹಿಡಿದು ಕರಗಿಸಿಬಿಡುತ್ತಿದ್ದಳು.

ಶಾಲೆಗೆ ಸೇರಿದ ಮೇಲೆ ಗ್ರಹಚಾರ ಶುರುವಾಯಿತು. ಯಾರಾದರೂ ಕುರ್ಚಿ ಎಳೆದರೆ ಅವಳು ಎದ್ದು ನಿಲ್ಲುತ್ತಿದ್ದಳು. ಪುಸ್ತಕ ದೊಪ್ಪನೆ ಬಿದ್ದರೆ ಬೀಳಿಸಿದವನ ಮೇಲೆ ಎರಗುತ್ತಿದ್ದಳು. ಒಬ್ಬ ಹುಡುಗ ಬೆಂಚಿನಿಂದ ಹಾರಿದ್ದಕ್ಕೆ ಅವನ ತೋಳು ಕಚ್ಚಿದಳು. ಊರು ಕೆಡವಿ ಕಟ್ಟುವ ಕಾಲ ಅದು, ಇಟ್ಟಿಗೆ ಕಲ್ಲು ತುಂಬಿದ ಲಾರಿಗಳು ಶಾಲೆಯ ಪಕ್ಕದಲ್ಲೇ ಓಡಾಡುತ್ತಿದ್ದವು. ಲಾರಿ ಹೋದಾಗಲೆಲ್ಲ ಬ್ರೈಡಿ ಮೇಜಿನ ಕೆಳಗೆ. ಎಳೆದರೆ ಒದೆಯುತ್ತಿದ್ದಳು. ಟೀಚರು ಮೊದಲು ಹಠ ಎಂದರು, ಆಮೇಲೆ ದುಷ್ಟತನ ಎಂದರು. ಕೊನೆಗೆ ಒಬ್ಬರು ಓದಿಕೊಂಡವರು ಬಂದು ನಡವಳಿಕೆಯ ಕಾಯಿಲೆ ಎಂದು ಹೆಸರಿಟ್ಟು ಹೋದರು. ಹೆಸರಿಟ್ಟರೆ ತಮ್ಮ ಕೆಲಸ ಮುಗಿಯಿತು ಎಂದುಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಂಗಡಿಯಲ್ಲಿ ಮಾತಿಗೇನು ಬರ. ಕಚ್ಚಿಸಿಕೊಂಡ ಹುಡುಗನ ತಾಯಿ ಮೆರಡಿತ್ ಒಮ್ಮೆ ನೋಲೀನಳ ಎದುರಿಗೇ ಕೇಳಿದಳು: "ನಿಮ್ಮನೆ ಹುಲಿಮರಿ ಇವತ್ತು ಯಾರನ್ನ ಕಚ್ತು?"

"ನಿಮ್ಮನೆ ಕುರಿಮರಿ ಇವತ್ತು ಎಲ್ಲಿಂದ ಹಾರ್ತು ಅನ್ನೋದರ ಮೇಲೆ ಹೋಗುತ್ತೆ" ಎಂದಳು ನೋಲೀನ್. ಮೆರಡಿತ್ ಹಾಲು ಬಿಟ್ಟೇ ಹೋದಳು. ನೋಲೀನ್ ನಗುತ್ತ ನನ್ನ ಕಡೆ ತಿರುಗಿ, ಚಿಲ್ಲರೆಯನ್ನು ಎರಡು ಸಲ ತಪ್ಪಾಗಿ ಎಣಿಸಿದಳು.

ಬ್ರೈಡಿಗೆ ಎಂಟು ತುಂಬುವ ಹೊತ್ತಿಗೆ ಹೆಡ್‌ಮಾಸ್ಟರ್ ವಿದರ್ಸ್ ಖಡಾಖಂಡಿತವಾಗಿ ಹೇಳಿಬಿಟ್ಟರು. ಇನ್ನೊಂದು ಮಗುವಿಗೆ ಪೆಟ್ಟಾದರೆ ಶಾಲೆಯಿಂದ ಹೊರಗೆ. ಈ ಭಾಗದಲ್ಲಿ ಬೇರೆ ಯಾವ ಶಾಲೆಯೂ ತೆಗೆದುಕೊಳ್ಳುವುದಿಲ್ಲ. ಉಳಿಯುವುದು ಉತ್ತರದ ಕಡೆಯ ವಸತಿ ಶಾಲೆ, ಇಂಥ ಮಕ್ಕಳಿಗೆಂದೇ ಇರುವುದು, ಅರ್ಧ ದಿನದ ದಾರಿ. ನೋಲೀನ್ ಅವತ್ತು ನನ್ನ ಅಂಗಡಿಗೆ ಬಂದು ಸಾಮಾನಿನ ಪೆಟ್ಟಿಗೆಯ ಮೇಲೆ ಕುಸಿದಳು. "ಮಗಳು ಹೋದ್ಲು, ಹೋಗ್ಲಿ ಅಂದೆ. ಇವಳೂ ಹೋದ್ರೆ ನಾನು ಯಾರಿಗೆ ಅಂತ ಎದ್ದು ಒಲೆ ಹಚ್ಲಿ ಗ್ಲೆನಿಸ್?" ಎಂದಳು.

ಆಗಲೇ ಮಕ್ಕಳ ಮನಸ್ಸಿನ ಡಾಕ್ಟರ್ ಹೆಸ್ಟರ್ ಲಾಂಬ್ ಬಂದದ್ದು. ಕಂಪನದ ಕಾಲದಲ್ಲಿ ಎಳೆಯದಾಗಿದ್ದ ಮಕ್ಕಳನ್ನೆಲ್ಲ ನೋಡುತ್ತಿದ್ದರು. ಬ್ರೈಡಿಯ ಎಂಜಲು ಬೇಕೆಂದರು. ಎದ್ದ ಕೂಡಲೇ ಒಮ್ಮೆ, ಮಧ್ಯಾಹ್ನ ಒಮ್ಮೆ, ಮಲಗುವ ಮುಂಚೆ ಒಮ್ಮೆ ಹತ್ತಿಯ ಸುರುಳಿ ಚೀಪಿ ಸಣ್ಣ ಕೊಳವೆಗೆ ಹಾಕಿ ಫ್ರಿಜ್ಜಿನಲ್ಲಿಡಬೇಕು. "ಬಟಾಣಿ ಪಕ್ಕ ಇಟ್ಟಿದ್ದೀನಿ. ಒಂದಿನ ಕಣ್ತಪ್ಪಿ ಸೂಪಿಗೆ ಹಾಕ್ತೀನಿ ನೋಡು, ನಿನ್ನನ್ನೇ ಮೊದಲು ಊಟಕ್ಕೆ ಕರೆಯೋದು" ಎಂದು ನೋಲೀನ್ ನನ್ನನ್ನು ನಗಿಸಿದಳು. ಅವಳಿಗೆ ಆಸೆ ಚಿಗುರಿತ್ತು. ಎಂಜಲಿನಲ್ಲಿ ಏನಾದರೂ ಸಿಕ್ಕರೆ ಅದಕ್ಕೊಂದು ಔಷಧ ಇದ್ದೇ ಇರುತ್ತದೆ ಎಂದುಕೊಂಡಿದ್ದಳು.

ಫಲಿತಾಂಶದ ದಿನ ಅಂಗಡಿಗೆ ಬೀಗ ಹಾಕಿ ನಾನೂ ಜೊತೆಗೆ ಹೋದೆ. ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಮಾತು ಮೆತ್ತಗೆ.

"ಭಯ ಆದಾಗ ನಮ್ಮ ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನು ಏರುತ್ತೆ. ಓಡೋಕೆ, ಬಚ್ಚಿಟ್ಕೊಳ್ಳೋಕೆ ಅದು ಬೇಕು. ಭಯ ಹೋದ್ಮೇಲೆ ಇಳೀಬೇಕು. ಭಯ ಇಲ್ದೇ ಇದ್ರೂ ದಿನಾ ಬೆಳಗ್ಗೆ ಏರುತ್ತೆ, ಮಲಗೋ ಹೊತ್ತಿಗೆ ಇಳಿಯುತ್ತೆ. ಬ್ರೈಡಿದು ಬೆಳಗ್ಗೆ ಏರ್ತಾ ಇಲ್ಲ, ರಾತ್ರಿ ಇಳೀತಾ ಇಲ್ಲ. ಒಂದೇ ಸಮ ಗೆರೆ ಎಳೆದ ಹಾಗಿದೆ."

"ಅಂದ್ರೆ ಗಾಡಿ ನಿಲ್ಸಿದೆ, ಎಂಜಿನ್ ಆಫ್ ಮಾಡಿಲ್ಲ" ಎಂದಳು ನೋಲೀನ್.

"ಹೂಂ, ಹಾಗೇ ಅಂದ್ಕೊಳ್ಳಿ. ವರ್ಷಗಟ್ಟಲೆ ಉರಿದು ಉರಿದು ಸವೆದಿರೋ ಎಂಜಿನ್ನು. ಎಲ್ಲಾ ಇದೊಂದರಿಂದ್ಲೇ ಅಂತ ನಾನು ಹೇಳಲ್ಲ, ನಮಗೂ ಪೂರ್ತಿ ಗೊತ್ತಿಲ್ಲ. ಮನೇಲಿ ಭೂಕಂಪದ ಮಾತು ಜಾಸ್ತಿ ಇರುತ್ತಾ?"

ನೋಲೀನ್ ಬೆನ್ನು ನೆಟ್ಟಗೆ ಮಾಡಿಕೊಂಡಳು. ಇಲ್ಲಿಯವರೆಗೆ ಬರೀ ದೂರು ಕೇಳಿಸಿಕೊಂಡವಳಿಗೆ ತನ್ನದೊಂದು ಒಳ್ಳೆಯ ಕೆಲಸ ಹೇಳಲು ಅವಕಾಶ ಸಿಕ್ಕಿತ್ತು. ಆಟದ ಕಥೆಯೆಲ್ಲ ಹೇಳಿದಳು. ಮೀನು, ಪಂದ್ಯ, ನೆಲಕ್ಕೆ ಕಿವಿ, ಮರ್ವ್ ಕುಣಿದದ್ದು. "ಭಯಾನ ಆಟ ಮಾಡಿಬಿಟ್ಟೆ ಡಾಕ್ಟ್ರೇ. ನಮ್ಮಮ್ಮ ಮಾಡ್ತಿದ್ದ ಹಾಗೆ" ಎಂದಳು.

ಡಾಕ್ಟರಮ್ಮ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. "ಮೊದಲು ಕೇಳಿಸ್ಕೊಂಡೋರಿಗೆ ಬಹುಮಾನ, ಅಲ್ವಾ?" ಎಂದರು. "ಮೊದಲು ಕೇಳಿಸ್ಕೋಬೇಕು ಅಂದ್ರೆ ಯಾವಾಗಲೂ ಕಿವಿ ಕೊಟ್ಟಿರಬೇಕಲ್ವಾ ನೋಲೀನ್? ಊಟ ಮಾಡುವಾಗ, ಆಡುವಾಗ, ಮಲಗಿದಾಗಲೂ."

ನೋಲೀನ್ ಕೈಚೀಲವನ್ನು ಮಡಿಲಲ್ಲಿ ಹಿಂಡಿದಳು. ಡಾಕ್ಟರಿಗೂ ಅಲ್ಲ ನನಗೂ ಅಲ್ಲ ಎನ್ನುವಂತೆ ಹೇಳಿದಳು: "ಅಮ್ಮ ನಮ್ಮ ಕಿವೀನ ಸೈರನ್ನಿಂದ ಬಿಡಿಸಿ ಆಲೂಗಡ್ಡೆ ಕಡೆ ತಿರುಗಿಸಿದ್ಲು. ನಾನು ಈ ಮಗು ಕಿವೀನ ನೆಲಕ್ಕೇ ಅಂಟಿಸಿಬಿಟ್ಟೆ."

"ನಿಮ್ಮ ತಪ್ಪು ಅಂತ ಅಲ್ಲ. ಇಡೀ ಊರೇ ಆಡಿದೆ. ನಿಧಾನವಾಗಿ ಬಿಡ್ಸಿ. ಬಂದಾಗ ಬಂತು ಅನ್ನಿ, ಹೋದ್ಮೇಲೆ ಹೋಯ್ತು ಅನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ. ಪಂದ್ಯ ಬೇಡ, ಅಷ್ಟೇ" ಎಂದರು ಡಾಕ್ಟರಮ್ಮ.

ನೋಲೀನಳ ಕಿವಿಗೆ ಬಿದ್ದದ್ದು "ಬಿಡ್ಸಿ" ಎಂಬುದೊಂದೇ. ನಿಧಾನ ಎನ್ನುವುದು ಅವಳ ಕಾಲಿಗೆ ಗೊತ್ತಿರಲಿಲ್ಲ ಎಂದು ಆಗಲೇ ಹೇಳಿದೆನಲ್ಲ.

ಅವತ್ತು ಸಂಜೆಯೇ ಮನೆಮನೆಗೆ ಹೋದಳು. ಬ್ರೈಡಿಯ ಮುಂದೆ ಇನ್ನು ಮೇಲೆ ಯಾರೂ ಅಂಕಿ ಹೇಳಬಾರದು. ಅಂಕಿ ಮಾತ್ರವಲ್ಲ, ನಡುಗಿತು ಎಂದೂ ಹೇಳಬಾರದು. ನೆಲ ಅಲುಗಿದರೆ ಏನೂ ಆಗದಂತೆ ಇದ್ದುಬಿಡಬೇಕು. "ಕೈ ಮುಗೀತೀನಿ, ನಿಮ್ಮ ಬಾಯಿಗೆ ಬೀಗ ಹಾಕ್ಕೊಳ್ಳಿ. ಮಗು ಮರೀಲಿ" ಎಂದು ಮರ್ವನ ಕೈ ಹಿಡಿದು ಬೇಡಿಕೊಂಡಳು. ಮೆರಡಿತ್ ಕೂಡ ಒಪ್ಪಿದಳು ಎಂದರೆ ನೋಲೀನ್ ಹೇಗೆ ಕೇಳಿರಬೇಕು ಲೆಕ್ಕ ಹಾಕಿ. ನಾನು ಮೀನಿನ ಡಬ್ಬಿಯನ್ನು ಕೌಂಟರಿನ ಕೆಳಗೆ ತಳ್ಳಿದೆ.

ಅದಾದ ಮೇಲೆ ಮೊದಲ ನಡುಕ ಬಂದಾಗ ಬ್ರೈಡಿ ನನ್ನ ಅಂಗಡಿಯಲ್ಲೇ ಇದ್ದಳು. ನೋಲೀನ್ ಬ್ರೆಡ್ಡು ತೆಗೆದುಕೊಳ್ಳುತ್ತಿದ್ದಳು, ಮರ್ವ್ ಬಿಸಿ ಮಾಡಿದ ಮಾಂಸದ ಪೈ ಕಚ್ಚುತ್ತಿದ್ದ. ಬ್ರೈಡಿಯ ಕತ್ತು ಸೆಟೆಯಿತು.

"ಬಂತು" ಎಂದಳು.

ಜಾಡಿಗಳು ಗಲಗಲ ಅಲುಗಾಡಿದವು. ಫ್ರಿಜ್ಜಿನ ಬಾಗಿಲು ಕಿರ್ರೆಂದಿತು. ನಾನು ಪತ್ರಿಕೆಯ ಮೇಲೆ ಕಣ್ಣು ನೆಟ್ಟೆ. ಮರ್ವ್ ಪೈಯನ್ನು ಇನ್ನೊಮ್ಮೆ ಕಚ್ಚಿ ಅಗಿಯತೊಡಗಿದ. ಪಾಪ, ಅವನ ಹಣೆಯಲ್ಲಿ ಬೆವರು.

"ನ್ಯಾನಾ, ನಾಲ್ಕು ಪಾಯಿಂಟ್ ಎರಡು. ಅಲ್ವಾ?"

"ಏನು ಪುಟ್ಟಾ? ಬಿಳಿ ಬ್ರೆಡ್ಡೋ, ಕಂದು ಬ್ರೆಡ್ಡೋ?" ಎಂದಳು ನೋಲೀನ್.

"ಈಗ ಬಂತಲ್ಲ ನ್ಯಾನಾ!"

"ಏನ್ ಬಂತು? ಏನೂ ಬರ್ಲಿಲ್ಲಪ್ಪ. ಅಲ್ವಾ ಗ್ಲೆನಿಸ್?"

"ಏನೂ ಇಲ್ವಲ್ಲ" ಎಂದೆ ನಾನು.

ಬ್ರೈಡಿ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಅವಳು ಅಳುತ್ತಾಳೆ, ಇಲ್ಲ ಕಿರುಚುತ್ತಾಳೆ ಎಂದುಕೊಂಡಿದ್ದೆ. ಅಂಥದ್ದೇನೂ ಆಗಲಿಲ್ಲ. ಮೆಲ್ಲಗೆ ಬಂದು ನ್ಯಾನಾಳ ಕೋಟಿನ ಅಂಚು ಹಿಡಿದು ನಿಂತಳು. ನೋಲೀನ್ ತಲೆಯೆತ್ತಿ ನನ್ನತ್ತ ನೋಡಿ, ನೋಡಿದೆಯಾ ಎಂಬಂತೆ ಕಣ್ಣು ಹೊಡೆದಳು.

ಶಾಲೆಯಿಂದ ದೂರುಗಳು ಕಡಿಮೆಯಾದವು. ಹುಡುಗಿ ಯಾರನ್ನೂ ಹೊಡೆಯುತ್ತಿಲ್ಲ, ಸುಮ್ಮನೆ ಕೂರುತ್ತಾಳೆ ಎಂದು ವಿದರ್ಸ್ ಹೊಗಳಿ ಕಳುಹಿಸಿದರು. ನೋಲೀನ್ ಆ ವಾರ ಚೀಸ್ ಹಾಕಿದ ಸ್ಕೋನು ಬನ್ನುಗಳನ್ನು ಬೇಯಿಸಿ ಬೀದಿಗೆಲ್ಲ ಹಂಚಿದಳು. ಆದರೆ ನನಗೆ ಬೇರೆಯದು ಕಾಣುತ್ತಿತ್ತು. ನೋಲೀನ್ ಬಸ್ಸು ಬಿಟ್ಟು ಬಂದು ಸೋಫಾದಲ್ಲಿ ಒರಗಿದರೆ ಬ್ರೈಡಿ ಪಕ್ಕದಲ್ಲಿ ಗೋಡೆಗೆ ಅಂಗೈ ಊರಿ ಕೂತಿರುತ್ತಿದ್ದಳು. ಆಡಲು ಹೋಗುತ್ತಿರಲಿಲ್ಲ. ನ್ಯಾನಾಳ ಶೂಗಳನ್ನು ಬಾಗಿಲ ಬಳಿ ಹೊರಮುಖವಾಗಿ ಜೋಡಿಸಿಡುತ್ತಿದ್ದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದು ಆ ಎಂಟು ವರ್ಷದ ಮಗುವಿನಲ್ಲಿ.

ಒಂದು ದಿನ ಅವಳೇ ಕೇಳಿದಳಂತೆ: "ನ್ಯಾನಾ, ಕಿವಿ ಡಾಕ್ಟರ್ ಹತ್ರ ಹೋಗೋಣ್ವಾ? ನಿನಗೆ ನೋವಾಗಲ್ಲ, ನಾನು ಕೈ ಹಿಡ್ಕೊಂಡಿರ್ತೀನಿ."

ನೋಲೀನ್ ಇದನ್ನು ತಮಾಷೆಯಾಗಿ ಹೇಳಿದಳು. ನನಗೆ ನಗು ಬರಲಿಲ್ಲ. "ನೋಲೀನ್, ಇದು ಸರಿ ಹೋಗ್ತಿಲ್ಲ ಕಣೆ. ಅವಳು ಮರೀತಾ ಇಲ್ಲ. ನಾವೆಲ್ಲ ಕಿವುಡರಾಗಿದ್ದೀವಿ ಅಂದ್ಕೊಂಡಿದ್ದಾಳೆ" ಎಂದೆ.

"ಸುಮ್ನಿರು, ಕೆಟ್ಟ ಬಾಯಿ ತೆಗೀಬೇಡ. ಈಗ ತಾನೇ ದಾರಿಗೆ ಬರ್ತಿದ್ದಾಳೆ" ಎಂದು ಗದರಿದಳು. ಮೊಮ್ಮಗಳು ಮನೆಯಲ್ಲಿ ಉಳಿಯುತ್ತಾಳೆ ಎಂಬ ಆಸೆ ಹಿಡಿದ ಹೆಂಗಸಿಗೆ ಎದುರಾಡಲು ನನಗೆ ಬಾಯಿ ಬರಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಶಾಲೆಯ ಮಕ್ಕಳೆಲ್ಲ ಸಭಾಂಗಣದಲ್ಲಿ ಕೂತಿದ್ದರು. ಹೊರಗೆ ಒಡೆದ ಕಾಂಕ್ರೀಟು ತುಂಬಿದ ಲಾರಿಯೊಂದು ಹಳ್ಳಕ್ಕೆ ಇಳಿದು ದಢಾರನೆ ಎದ್ದಿತು. ಕಿಟಕಿಗಳು ಅದುರಿದವು. ಬ್ರೈಡಿ ಎದ್ದು ನಿಂತು ಸುತ್ತ ನೋಡಿದಳು. ಯಾರೂ ಅಲುಗಲಿಲ್ಲ. ಟೀಚರು ಹಾಡು ಹೇಳಿಸುತ್ತಲೇ ಇದ್ದರು. ಅವಳು ಮುಂದಿನ ಸಾಲಿನಲ್ಲಿದ್ದ, ಆಗಷ್ಟೇ ಶಾಲೆಗೆ ಸೇರಿದ್ದ ಪುಟ್ಟ ಹುಡುಗಿಯೊಬ್ಬಳ ತೋಳು ಹಿಡಿದು ಎಳೆದುಕೊಂಡು ಓಡಿ, ಬೆಂಚಿನ ಕೆಳಗೆ ನೂಕಿ, ಅವಳ ಮೇಲೆ ಕವುಚಿ ಮಲಗಿದಳು. ಮಗು ಚೀರಿತು. ಬಿಡಿಸಲು ಬಂದ ಟೀಚರಿಗೆ ಬ್ರೈಡಿ ಒದ್ದಳು, ಹಿಡಿತ ಬಿಡಲಿಲ್ಲ. ಕೊನೆಗೂ ಬಿಡಿಸಿದಾಗ ಆ ಮಗುವಿನ ಕೈ ಮುರಿದಿತ್ತು.

ನೋಲೀನ್ ಬಸ್ಸನ್ನು ನಡುದಾರಿಯಲ್ಲೇ ಬೇರೆಯವರಿಗೆ ಒಪ್ಪಿಸಿ ಬಂದಳು. ನಾನು ಅವಳ ಹಿಂದೆಯೇ ಓಡಿದೆ. ಹೆಡ್‌ಮಾಸ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಬ್ರೈಡಿ ಕೂತಿದ್ದಳು, ಕೈ ಗೋಡೆಯ ಮೇಲೆ.

"ಯಾಕೆ ಪುಟ್ಟಾ? ಯಾಕೆ ಹೀಗೆ ಮಾಡಿದೆ?"

"ಯಾರಿಗೂ ಕೇಳಿಸ್ಲಿಲ್ಲ ನ್ಯಾನಾ. ಇಲ್ಲೂ ಯಾರಿಗೂ ಕೇಳಿಸಲ್ಲ. ಎಲ್ಲಾರನ್ನೂ ಎಳ್ಕೊಂಡು ಹೋಗೋಕೆ ನನಗೆ ಆಗಲ್ವಲ್ಲ. ಅದಕ್ಕೆ ಎಲ್ಲರಿಗಿಂತ ಚಿಕ್ಕೋಳನ್ನ ತಗೊಂಡೆ."

ನೋಲೀನ್ ನೆಲದ ಮೇಲೆ ಮಂಡಿಯೂರಿದಳು. ಅವಳು ಅಳುವುದನ್ನು ನಾನು ಗಂಡನ ಅಂಗಿಯ ವಿಷಯಕ್ಕೆ ಒಮ್ಮೆ ನೋಡಿದ್ದೆ, ಇದು ಅಂಥ ಅಳುವಲ್ಲ. "ನನಗೂ ಕೇಳಿಸ್ತಿತ್ತು ಪುಟ್ಟಾ. ಪ್ರತಿ ಸಲ ಕೇಳಿಸ್ತಿತ್ತು. ನೀನು ಮರೀಲಿ ಅಂತ ಸುಳ್ಳು ಹೇಳ್ದೆ. ಎಲ್ಲರ ಹತ್ರಾನೂ ಹೇಳಿಸ್ದೆ" ಎಂದಳು.

ಬ್ರೈಡಿ ಅವಳ ಬೆನ್ನು ತಟ್ಟಿದಳು. "ಪರ್ವಾಗಿಲ್ಲ ನ್ಯಾನಾ. ವಯಸ್ಸಾದ್ರೆ ಕೇಳಿಸಲ್ಲ. ಬೇಜಾರ್ ಮಾಡ್ಕೋಬೇಡ" ಎಂದಳು.

ಒಳಗೆ ವಿದರ್ಸ್ ಸಾಹೇಬರು ಮೊದಲೇ ತೀರ್ಮಾನ ಮಾಡಿಕೊಂಡು ಕೂತಿದ್ದರು. ನೋಲೀನ್ ಕೈ ಜೋಡಿಸಿದಳು. "ಅವಳು ಹೊಡೀಲಿಲ್ಲ ಸಾರ್. ಕಾಪಾಡೋಕೆ ಹೋದ್ಲು. ತನ್ನ ಮೈಯನ್ನೇ ಅಡ್ಡ ಇಟ್ಟಿದ್ಲು."

"ಲಾರಿಯಿಂದ ಕಾಪಾಡಿದಳಾ, ಮಿಸೆಸ್ ಹ್ಯಾಗರ್ಟಿ?" ಎಂದರು ಅವರು. ಕೆಟ್ಟ ಮನುಷ್ಯರೇನಲ್ಲ. ಆದರೆ ಆ ಮಾತಿಗಾಗಿ ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಡಾಕ್ಟರ್ ಹೆಸ್ಟರ್ ಬಂದು ವಾದಿಸಿದರು. ತನಗೆ ಇದೇನೂ ತಿಳಿದಿರಲಿಲ್ಲ, ನಡುಕ ಬಂದರೂ ಇಲ್ಲವೆನ್ನಿ ಎಂದು ತಾನು ಹೇಳಿರಲಿಲ್ಲ ಎಂದು ನೋಲೀನಳ ಮುಂದೆ ಹೇಳಲು ಬಾಯಿ ತೆರೆದವರು ಅವಳ ಮುಖ ನೋಡಿ ಮುಚ್ಚಿಕೊಂಡರು. ಏನೂ ನಡೆಯಲಿಲ್ಲ. ಮುರಿದ ಕೈಗೆ ಪ್ಲಾಸ್ಟರು ಹಾಕಿಸಿ ಆ ಮಗುವಿನ ತಂದೆ ಎದುರಿಗೆ ಕೂತಿದ್ದ. ಅವನಿಗೂ ತನ್ನ ಮಗು ಮಗುವೇ ತಾನೇ.

ವಸತಿ ಶಾಲೆಗೆ ಹೊರಡುವ ದಿನ ನೋಲೀನ್ ಕಾರನ್ನು ನನ್ನ ಅಂಗಡಿಯ ಮುಂದೆ ನಿಲ್ಲಿಸಿದಳು. ಬ್ರೈಡಿ ಇಳಿದು ಒಳಗೆ ಬಂದಳು. ಮೀನಿನ ಡಬ್ಬಿ ಹೊರತೆಗೆದು ಬೇಕಾದಷ್ಟು ತಗೋ ಎಂದೆ. ಮುಟ್ಟಲಿಲ್ಲ.

"ಆಂಟಿ, ನ್ಯಾನಾ ಹಾಲ್‌ನಲ್ಲಿ ಮಲಗೋ ಹಾಗೆ ನೋಡ್ಕೊಳ್ಳಿ. ರೂಮಿನಲ್ಲಿ ಬೀರು ಇದೆ, ಮೇಲೆ ಬೀಳುತ್ತೆ. ಬಂದಾಗ ಓಡಿ ಹೋಗಿ ಬಾಗಿಲು ಬಡೀರಿ." ಸ್ವಲ್ಪ ತಡೆದು, ತಲೆ ತಗ್ಗಿಸಿಕೊಂಡು, "ಅಯ್ಯೋ, ನಿಮಗೂ ಕೇಳಿಸಲ್ಲ ಅಲ್ವಾ" ಎಂದಳು. ನಾನು ಕೌಂಟರು ದಾಟಿ ಬರುವಷ್ಟರಲ್ಲಿ ಅವಳು ಕಾರಿಗೆ ಹತ್ತಿದಳು. ಅವತ್ತು ನೋಲೀನ್ ಕಾರನ್ನು ಬಹಳ ನಿಧಾನವಾಗಿ ಓಡಿಸಿಕೊಂಡು ಹೋದಳು.

ಈಗ ಭಾನುವಾರ ಭಾನುವಾರ ಫೋನು ಬರುತ್ತದೆ. ಒಬ್ಬಳೇ ಕೂತು ಮಾತಾಡಲು ನೋಲೀನಳಿಗೆ ಧೈರ್ಯವಿಲ್ಲ, ಅಂಗಡಿಗೇ ಬರುತ್ತಾಳೆ. ಬಸ್ಸು ಬಿಟ್ಟಿದ್ದಾಳೆ. ಬಟ್ಟೆಗಳು ಸಡಿಲವಾಗಿವೆ. ಬೀರುವನ್ನು ಮರ್ವನ ಕೈಯಲ್ಲಿ ಹೊರಗೆ ಹಾಕಿಸಿ ಹಾಲ್‌ನಲ್ಲೇ ಮಲಗುತ್ತಾಳೆ.

ಹೋದ ಭಾನುವಾರ ಫೋನು ಬರುವುದಕ್ಕೆ ಸ್ವಲ್ಪ ಮುಂಚೆ ನಡುಗಿತು. ಜೋರಾಗಿಯೇ ನಡುಗಿತು. ಎರಡು ಜಾಡಿ ಬಿದ್ದು ಒಡೆದವು. ಫೋನು ಬಂದಾಗ ಬ್ರೈಡಿ ಯಾವಾಗಿನಂತೆ ಮೊದಲು ಅದನ್ನೇ ಕೇಳಿದಳು. ನಮ್ಮಿಬ್ಬರಿಗೂ ಕೇಳಿಸುವಂತೆ ನೋಲೀನ್ ಫೋನಿನ ಸ್ಪೀಕರ್ ಹಾಕಿ ಕೌಂಟರಿನ ಮೇಲಿಟ್ಟಿದ್ದಳು.

"ನ್ಯಾನಾ, ಇವತ್ತು ಬಂತಾ?"

"ಬಂತು ಪುಟ್ಟಾ! ಈಗಷ್ಟೇ ಬಂತು. ನಾಲ್ಕು ಪಾಯಿಂಟ್ ನಾಲ್ಕು ಇರ್ಬೇಕು. ನನಗೆ ಚೆನ್ನಾಗಿ ಗೊತ್ತಾಯ್ತು. ಬಾಗಿಲ ಹತ್ರ ಹೋಗಿ ನಿಂತೆ."

"ಫೋನ್ ನೋಡಿ ಹೇಳ್ತಿದ್ದೀಯ."

"ಇಲ್ಲ ಪುಟ್ಟಾ, ನಿನ್ನಾಣೆ. ನಿಜವಾಗ್ಲೂ ಗೊತ್ತಾಯ್ತು. ಬೇಕಾದ್ರೆ ಗ್ಲೆನಿಸ್ ಆಂಟೀನ ಕೇಳು, ಇಲ್ಲೇ ಇದ್ದಾಳೆ."

"ಬಂತು ಕಣಮ್ಮಾ" ಎಂದೆ ನಾನು ಬಾಗಿ. "ಜಾಡಿ ಒಡೆದೋಯ್ತು. ನಮ್ಮಿಬ್ಬರಿಗೂ ಕೇಳಿಸ್ತು."

"ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತೀರ" ಎಂದಳು. ಸಿಟ್ಟಿರಲಿಲ್ಲ. ದಣಿದ ಮುದುಕಿಯ ದನಿ. "ನಾನು ಇಲ್ಲಿಂದ್ಲೇ ಕಿವಿ ಇಡ್ತೀನಿ ನ್ಯಾನಾ. ಊಟದ ಮನೆ ನೆಲ ಕಲ್ಲಿಂದು, ಅಲ್ಲಿ ಮಲಗಿ ದಿನಾ ಇಡ್ತೀನಿ. ಆದ್ರೆ ತುಂಬಾ ದೂರ. ನಿಮ್ಮನೇದು ಸರಿಯಾಗಿ ಕೇಳಿಸಲ್ಲ."

ಫೋನು ನಿಂತಿತು. ನೋಲೀನ್ ಕೌಂಟರಿಗೆ ಎರಡೂ ಕೈ ಊರಿ ನಿಂತೇ ಇದ್ದಳು. ಆಮೇಲೆ ನನ್ನ ಪೊರಕೆ ತೆಗೆದುಕೊಂಡು, ಒಡೆದ ಜಾಡಿಗಳ ಗಾಜನ್ನು ಗುಡಿಸತೊಡಗಿದಳು.